ಕಡಿತವಾದ ತೆರಿಗೆಯನ್ನು ಕೇಳಿ ಪಡೆಯಿರಿ

ಓದಿನ ಜೊತೆಗೆ ನೀವು ಒಂದು ಸಂಸ್ಥೆಗೆ ಜಾಹೀರಾತು ಬರೆದುಕೊಟ್ಟಿರಿ ಎನ್ನಿ. ವರ್ಷದ ಸಂಭಾವನೆ 60,000 ರೂಪಾಯಿ. ಕೈಗೆ ಬಂದದ್ದು 54,000. ಉಳಿದದ್ದೆಲ್ಲಿ? ವೃತ್ತಿ ಸಂಭಾವನೆಯಲ್ಲಿ ಶೇಕಡಾ 10ರಷ್ಟನ್ನು ಸಂಸ್ಥೆಯು ಮೂಲದಲ್ಲೇ ಕಡಿತಮಾಡಿ, ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗುವಂತೆ ಸರ್ಕಾರಕ್ಕೆ ಕಟ್ಟುತ್ತದೆ. ಪ್ಯಾನ್ ಕೊಡದಿದ್ದರೆ ಕಡಿತ ಶೇಕಡಾ 20.

ಆದರೆ 2025-26ನೇ ಸಾಲಿನ ಹೊಸ ಪದ್ಧತಿಯಲ್ಲಿ 4 ಲಕ್ಷ ರೂಪಾಯಿವರೆಗಿನ ವರಮಾನಕ್ಕೆ ತೆರಿಗೆಯೇ ಇಲ್ಲ. ಬೇರೆ ವರಮಾನವಿಲ್ಲದಿದ್ದರೆ ಆ 6,000 ರೂಪಾಯಿ ನಿಮ್ಮದೇ. ಆದರೂ ಅದು ತಾನಾಗಿ ಮರಳಿ ಬಾರದು. ಗಡುವಿನೊಳಗೆ ರಿಟರ್ನ್ ಸಲ್ಲಿಸಿ ಕೇಳಬೇಕು.

ಅಂಗಡಿ ನಡೆಸುವ ನಿಮ್ಮ ತಂದೆಯವರ ಬ್ಯಾಂಕ್ ಠೇವಣಿಯ ಬಡ್ಡಿಯಲ್ಲೂ ಇಂಥ ಕಡಿತವಾಗಿರಬಹುದು. ಅದನ್ನು ಇಂದೇ ಅವರ ಜೊತೆ ಕುಳಿತು ನೋಡಿ. ಸಂಜೆಯ ಅರ್ಧ ಗಂಟೆ ಸಾಕು.