ಮಾಡಿನ ಮೇಲಿನ ಬಿಸಿಲು: ಮನೆಯವರ ಕೆಲವು ಪ್ರಶ್ನೆಗಳು

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕಾಪುವಿನಿಂದ ನನ್ನ ಅಕ್ಕ ಫೋನು ಮಾಡಿದರು. ಬೇಸಿಗೆಯಲ್ಲಷ್ಟೇ ಅವರ ಮನೆಯ ಮೇಲೆ ಸೌರ ಫಲಕಗಳನ್ನು ಹಾಕಿಸಿದ್ದರು. ಹಿಂದಿನ ರಾತ್ರಿಯ ಗಾಳಿಗೆ ಮರ ಬಿದ್ದು ಲೈನು ತುಂಡಾಗಿತ್ತು. "ಮಳೆ ಬಿಟ್ಟು ಒಳ್ಳೆಯ ಬಿಸಿಲು ಬಂದಿದೆ. ಆದರೂ ಬಾವಿಯ ಪಂಪು ಚಾಲೂ ಆಗುವುದಿಲ್ಲ. ಇಷ್ಟು ಹಣ ಹಾಕಿದ್ದು ಯಾತಕ್ಕೆ ಮಾರಾಯ?" ಎಂದು ಕೇಳಿದರು. ಫಲಕಗಳು ಕೆಟ್ಟಿರಲಿಲ್ಲ. ಹಾಕಿಸುವ ಮೊದಲು ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ನಾವು ಯಾರೂ ಕೇಳಿರಲಿಲ್ಲ, ಅಷ್ಟೇ.

ನಮ್ಮ ಜಿಲ್ಲೆಯವರಿಗೆ ಸೋಲಾರ್ ಹೊಸದಲ್ಲ. 1995ರಲ್ಲಿ ಹರೀಶ್ ಹಂದೆಯವರು ಸೆಲ್ಕೋ ಸಂಸ್ಥೆಯನ್ನು ಕಟ್ಟಿದರು. ಮಣಿಪಾಲದಲ್ಲಿ ಕೇಂದ್ರ ಕಚೇರಿಯಿದ್ದ ಸಿಂಡಿಕೇಟ್ ಬ್ಯಾಂಕು ಸೋಲಾರ್ ದೀಪಗಳಿಗೆ ಸಾಲ ಕೊಟ್ಟಿತು. ಆ ದೀಪಗಳಿಗೆ ಬ್ಯಾಟರಿ ಇತ್ತು. ಹಗಲು ಕೂಡಿಟ್ಟದ್ದನ್ನು ರಾತ್ರಿ ಬಳಸಬಹುದಿತ್ತು. ಹಾಗಾಗಿ ಸೋಲಾರ್ ಎಂದರೆ ಕರೆಂಟು ಹೋದಾಗ ಸಿಗುವ ಬೆಳಕು ಎಂಬುದು ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಈಗ ಬರುತ್ತಿರುವ, ಮೆಸ್ಕಾಂ ಲೈನಿಗೆ ಜೋಡಿಸುವ ವ್ಯವಸ್ಥೆ ಬೇರೆಯೇ. ಅದರಲ್ಲಿ ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ.

ಹಾಗಾದರೆ ಇದು ಹೇಗೆ ಕೆಲಸ ಮಾಡುತ್ತದೆ? ಫಲಕದಿಂದ ಬರುವುದು ಬ್ಯಾಟರಿಯಲ್ಲಿರುವಂತೆ ಒಂದೇ ದಿಕ್ಕಿನ ವಿದ್ಯುತ್ತು. ಇನ್ವರ್ಟರ್ ಅದನ್ನು ಲೈನಿನ ವಿದ್ಯುತ್ತಿಗೆ ಹೊಂದುವಂತೆ ಮಾರ್ಪಡಿಸುತ್ತದೆ. ಮನೆಗೆ ಬೇಕಾದಷ್ಟು ಖರ್ಚಾಗಿ ಉಳಿದದ್ದು ಲೈನಿಗೆ ಹೋಗುತ್ತದೆ. ರಾತ್ರಿ ಬೇಕಾದದ್ದು ಲೈನಿನಿಂದ ಬರುತ್ತದೆ. ಹೋದದ್ದು, ಬಂದದ್ದು ಎರಡನ್ನೂ ಅಳೆಯುವುದು ನೆಟ್ ಮೀಟರು. ಲೈನು ಸತ್ತರೆ ಇನ್ವರ್ಟರ್ ಕೂಡಲೇ ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ನಮ್ಮ ಮನೆಯ ವಿದ್ಯುತ್ತು ತಂತಿಗೆ ಹರಿದು, ಕಂಬ ಹತ್ತಿದ ಲೈನ್‌ಮನ್‌ನ ಜೀವಕ್ಕೇ ಅಪಾಯ. ಅಕ್ಕನ ಪಂಪು ನಿಂತದ್ದು ಈ ಕಾರಣದಿಂದ.

ಕರೆಂಟು ಇಲ್ಲದಾಗಲೂ ಬೇಕು ಎನ್ನುವವರಿಗೆ ಬ್ಯಾಟರಿ ಸಹಿತವಾದ ಹೈಬ್ರಿಡ್ ವ್ಯವಸ್ಥೆ ಇದೆ. ಅದಕ್ಕೆ ಖರ್ಚು ಹೆಚ್ಚು. ಕೆಲವು ವರ್ಷಗಳಿಗೊಮ್ಮೆ ಬ್ಯಾಟರಿ ಬದಲಿಸಬೇಕು. ನಾಲ್ಕು ದೀಪ, ಎರಡು ಫ್ಯಾನು ಸಾಕಾದರೆ ಮನೆಯಲ್ಲಿರುವ ಮಾಮೂಲಿ ಇನ್ವರ್ಟರೇ ಸಾಕಾದೀತು.

ಎಷ್ಟು ದೊಡ್ಡದು ಬೇಕು? ಒಂದು ಕಿಲೋವಾಟಿಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು. ವರ್ಷದ ಸರಾಸರಿ ತೆಗೆದರೆ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ. ಆಟಿಯ ಮೋಡದಲ್ಲಿ ಇದು ಅರ್ಧಕ್ಕೆ ಇಳಿಯುವುದುಂಟು. ಮಾರ್ಚ್ ತಿಂಗಳ ಲೆಕ್ಕ ತೋರಿಸಿ ವರ್ಷದ ಲಾಭ ಹೇಳುವವರನ್ನು ನಂಬಬೇಡಿ. ನಿಮ್ಮ ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿ. ಹೆಚ್ಚು ಉಳಿದ ಯೂನಿಟ್‌ಗೆ ಸಿಗುವ ದರ ನಾವು ಕೊಡುವ ದರಕ್ಕಿಂತ ಕಡಿಮೆ. ಆದ್ದರಿಂದ ಅಗತ್ಯಕ್ಕಿಂತ ದೊಡ್ಡದು ಬೇಡ.

ತೆಂಗಿನ ಮರದ ನೆರಳು ಬಿದ್ದರೇನು? ಫಲಕದೊಳಗಿನ ಕೋಶಗಳು ಒಂದರ ಹಿಂದೊಂದು ಸಾಲಾಗಿ ಜೋಡಣೆಯಾಗಿವೆ. ಒಂದು ಕಡೆ ಕೊಳವೆ ಹಿಸುಕಿದರೆ ನೀರೆಲ್ಲ ಕಡಿಮೆಯಾಗುವಂತೆ, ಒಂದು ಮಡಲಿನ ನೆರಳು ಅದಕ್ಕಿಂತ ಎಷ್ಟೋ ಹೆಚ್ಚು ನಷ್ಟ ಮಾಡಬಲ್ಲದು. ಬೆಳಿಗ್ಗೆ 9ರಿಂದ ಸಂಜೆ 4ರ ತನಕ ನೆರಳು ಎಲ್ಲಿ ಬೀಳುತ್ತದೆ ಎಂದು ಮೊದಲೇ ಮಾಡು ಹತ್ತಿ ನೋಡಿ.

ಹಂಚಿನ ಮಾಡಿನ ಮನೆಯಾದರೆ ಪಕ್ಕಾಸುಗಳು ಭಾರ ತಡೆಯುತ್ತವೆಯೇ ಎಂದು ಬಡಗಿಯಿಂದ ಪರೀಕ್ಷೆ ಮಾಡಿಸಿ. ಕಾಪುವಿನಂಥ ಕಡಲ ಬದಿಯಲ್ಲಿ ಉಪ್ಪುಗಾಳಿ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಚೌಕಟ್ಟಿಗೆ ದಪ್ಪ ಸತುವಿನ ಲೇಪ, ಬೋಲ್ಟುಗಳು ಸ್ಟೇನ್‌ಲೆಸ್ ಸ್ಟೀಲಿನವು ಇರಲಿ. ಘಟ್ಟದ ಬುಡದ ಕಾರ್ಕಳದಲ್ಲಿ ಸಿಡಿಲಿನ ಭಯ. ಅಲ್ಲಿ ಸರಿಯಾದ ಅರ್ತಿಂಗ್ ಮತ್ತು ಸರ್ಜ್ ರಕ್ಷಕವನ್ನು ಬಿಟ್ಟು ಹಣ ಉಳಿಸಲು ಹೋಗಬೇಡಿ.

ಸಹಾಯಧನ ಎಷ್ಟು? 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವಾಟಿಗೆ 30,000 ರೂಪಾಯಿ, ಎರಡಕ್ಕೆ 60,000, ಮೂರು ಅಥವಾ ಹೆಚ್ಚಿಗೆ 78,000. ಫಲಕಗಳು ದೇಶದಲ್ಲೇ ತಯಾರಾದವಾಗಿರಬೇಕು, ಅಳವಡಿಸುವವರು ನೋಂದಾಯಿತರಾಗಿರಬೇಕು. ಹಣ ಬರುವುದು ಕೆಲಸ ಮುಗಿದು ಮೀಟರು ಕೂತ ಮೇಲೆ, ನಿಮ್ಮ ಬ್ಯಾಂಕು ಖಾತೆಗೆ. ಮಣಿಪಾಲದ ಫ್ಲ್ಯಾಟುಗಳಲ್ಲಿ ತಾರಸಿ ಎಲ್ಲರದ್ದು. ಅಲ್ಲಿ ನಿವಾಸಿಗಳ ಸಂಘವೇ ಲಿಫ್ಟು, ಪಂಪುಗಳಿಗಾಗಿ ಹಾಕಿಸಿದರೆ ಕಿಲೋವಾಟಿಗೆ 18,000 ರೂಪಾಯಿ ಇದೆ.

ಕೊನೆಗೆ ಒಂದು ಕಹಿ ಮಾತು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಿಂದ ನಿಮ್ಮ ಬಿಲ್ಲು ಶೂನ್ಯ ಬರುತ್ತಿದ್ದರೆ, ಉಳಿಸಲಿಕ್ಕೆ ಅಲ್ಲಿ ಏನೂ ಇಲ್ಲ. ಅಂಥವರು ಸಾಲ ಮಾಡಿ ಫಲಕ ಹಾಕಿಸುವ ಮೊದಲು ಮೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಬಿಲ್ಲು ಸಾವಿರಗಟ್ಟಲೆ ಬರುವ ಮನೆಗೆ ಮಾತ್ರ ಇದು ನಿಜವಾದ ಅನುಕೂಲ.

ಬಿಲ್ಲು ಇಳಿಸಬೇಕೇ, ಕರೆಂಟು ಹೋದಾಗ ಬೆಳಕು ಬೇಕೇ? ಮೊದಲು ಇದನ್ನು ಮನೆಯವರೆಲ್ಲ ಕೂತು ನಿರ್ಧರಿಸಿ, ಆಮೇಲೆ ದರ ಕೇಳಿ. ಅಕ್ಕನ ಮನೆಯ ಬಿಲ್ಲು ಈಗ ಕಡಿಮೆಯಾಗಿದೆ. ಬಾವಿಯ ದಂಡೆಯ ಮೇಲೆ ಹಳೆಯ ಹಗ್ಗ, ಕೊಡಪಾನ ಮಾತ್ರ ಹಾಗೆಯೇ ಇವೆ.