ಫಲಿತಾಂಶದ ಹಿಂದಿನ ಸಂಜೆ

ಇಂದು ಬಿ.ಎಡ್. ಪದವಿ ಪಡೆಯುತ್ತಿರುವವರೇ, ಅವರನ್ನು ಓದಿಸಿದ ಅಪ್ಪ ಅಮ್ಮಂದಿರೇ,

ಪದಕ ಪಡೆದವರಿಗೆ ಚಪ್ಪಾಳೆ ಆಗಲೇ ಸಿಕ್ಕಿದೆ. ನನಗೆ ಹೇಳುವುದಿರುವುದು ಒಂದೇ ವಿಷಯ, ನೇರ ಅದಕ್ಕೇ ಬರುತ್ತೇನೆ.

ನಾನು ಜಿಲ್ಲಾಸ್ಪತ್ರೆಯ ಮನೋವೈದ್ಯೆ. ಏಪ್ರಿಲ್, ಮೇ ಬಂತೆಂದರೆ ನಮ್ಮ ವಿಭಾಗದ ಬೆಂಚಿನ ಮೇಲೆ ಹದಿನಾರು, ಹದಿನೇಳರ ಮಕ್ಕಳು ಹೆಚ್ಚುತ್ತಾರೆ. ಪಿಯುಸಿ, ಎಸ್ಸೆಸ್ಸೆಲ್ಸಿ, ಸಿಇಟಿ, ನೀಟ್, ಒಂದರ ಬೆನ್ನಿಗೆ ಒಂದು. ನಾನು ನೋಡುವುದು ಬದುಕಿ ಬಂದವರನ್ನು. ಉಳಿದವರ ಲೆಕ್ಕ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಲ್ಲಿದೆ. 2022ರಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು, ಶಾಲೆ ಕಾಲೇಜು ಎಲ್ಲ ಸೇರಿ, 13,044. ಪರೀಕ್ಷೆಯಲ್ಲಿ ನಪಾಸಾದದ್ದು ಕಾರಣ ಎಂದು ಆ ವರ್ಷ ಬರೆದದ್ದು 2,248 ಸಾವುಗಳಿಗೆ. ಯಾವ ಸಾವಿಗೂ ಒಂದೇ ಕಾರಣ ಇರುವುದಿಲ್ಲ, ಪೊಲೀಸ್ ದಾಖಲೆಯ ಒಂದು ಕಾಲಂ ಅದನ್ನೆಲ್ಲ ಹಿಡಿಯಲಾರದು. ಆದರೂ ಈ ಎರಡು ಸಂಖ್ಯೆಗಳ ನಡುವೆ ಎಷ್ಟು ಅಂತರವಿದೆ ನೋಡಿ. ಮಗು ಪಾಸಾಗುತ್ತಿದೆ, ಇನ್ನು ಚಿಂತೆಯಿಲ್ಲ ಅನ್ನುವ ಹಾಗಿಲ್ಲ.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ. ಹಾಸ್ಟೆಲ್ ಇರುವ ಇಂಟಿಗ್ರೇಟೆಡ್ ಪಿಯು ಕಾಲೇಜಿಗೆ ಸೇರಿಸಿದರು. ಬೆಳಗಿನ ಐದಕ್ಕೆ ಸ್ಟಡಿ ಅವರ್, ಭಾನುವಾರ ಟೆಸ್ಟ್, ಸೋಮವಾರ ಅಪ್ಪನ ಮೊಬೈಲಿಗೆ ಅಂಕ. ಕೆಲವು ಟೆಸ್ಟುಗಳಲ್ಲಿ ಹಿಂದೆ ಬಿದ್ದಳೆಂದು ಟಾಪರ್ಸ್ ಬ್ಯಾಚಿನಿಂದ ತೆಗೆದು ಕೆಳಗಿನ ಬ್ಯಾಚಿಗೆ ಹಾಕಿದರು. ಅಲ್ಲಿ ಬ್ಯಾಚಿನ ಪ್ರಕಾರವೇ ಕೋಣೆ. ಹಾಸಿಗೆ ಸುತ್ತಿಕೊಂಡು ಇನ್ನೊಂದು ಮಹಡಿಗೆ ಹೋದಳು. ಮೆಸ್ಸಿನಲ್ಲಿ ಜೊತೆಗೆ ಕೂತು ಉಣ್ಣುತ್ತಿದ್ದ ಗೆಳತಿಯರೂ ದೂರವಾದರು. ಹೊಟ್ಟೆನೋವೆಂದು ಊರಿನ ಡಾಕ್ಟರರಿಗೆಲ್ಲ ತೋರಿಸಿ, ಸ್ಕ್ಯಾನಿಂಗ್ ಫೈಲ್ ಹಿಡಿದುಕೊಂಡು ಅಪ್ಪ ಅವಳನ್ನು ನನ್ನಲ್ಲಿಗೆ ಕರೆತಂದರು. ಅವರನ್ನು ಹೊರಗೆ ಕೂರಿಸಿ ಕೇಳಿದೆ: "ಸಾಯಬೇಕು ಅಂತ ಅನ್ನಿಸಿದ್ದುಂಟಾ ಮಗಾ?"

"ಹೂಂ ಮೇಡಂ. ನೀವೇ ಮೊದಲು ಕೇಳಿದ್ದು."

ಈಗ ಬಿ.ಎಸ್ಸಿ. ಓದುತ್ತಿದ್ದಾಳೆ, ಚೆನ್ನಾಗಿದ್ದಾಳೆ. ಆದರೆ ಅವಳಿಗೆ ದಿನಾ ಪಾಠ ಮಾಡುತ್ತಿದ್ದವರು ಎಷ್ಟೊಂದು ಜನ! ಅವರಲ್ಲಿ ಒಬ್ಬರೂ ಕೇಳಿರಲಿಲ್ಲ.

ಕೇಳಿದರೆ ಇಲ್ಲದ ಯೋಚನೆ ಮಗುವಿನ ತಲೆಗೆ ಹೊಕ್ಕೀತೆಂದು ಹೆದರುತ್ತೀರಿ. ಹಾಗಾಗುವುದಿಲ್ಲ. ಮೆತ್ತಗೆ, ನೇರವಾಗಿ ಕೇಳಿ. ಹೌದು ಅಂದರೆ ಬುದ್ಧಿ ಹೇಳಲು ಹೋಗಬೇಡಿ, ಒಂಟಿಯಾಗಿ ಬಿಡಬೇಡಿ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. ಮನೆಯವರನ್ನು ಕರೆಸಿ, ಆಸ್ಪತ್ರೆಗೆ ತನ್ನಿ. ಕೇಸಾಗುತ್ತದೆಂದು ಹೆದರಿ ಮುಚ್ಚಿಡುವ ಮನೆಗಳಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ, ಶಿಕ್ಷಿಸುವುದಿಲ್ಲ. ಇದನ್ನು ಅವರಿಗೆ ತಿಳಿಸಿ ಹೇಳಿ.

ನಾನು ಓದಿದ್ದು ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯನ್ನು ಪೇಟೆಯ ಇಲಾಖೆ ಕಚೇರಿಯಿಂದ ಹೆಡ್‌ಮೇಷ್ಟ್ರೇ ತರಬೇಕಿತ್ತು. ನೋಟಿಸ್ ಬೋರ್ಡಿಗೆ ಹಚ್ಚುವುದು ಮಾರನೇ ಬೆಳಿಗ್ಗೆ. ನಮ್ಮ ಮೇಷ್ಟ್ರು ಸಂಜೆ ಬಸ್ಸಿಳಿದವರು ಮನೆಗೆ ಹೋಗುತ್ತಿರಲಿಲ್ಲ. ಕೊಡೆ, ಬ್ಯಾಟರಿ ಹಿಡಿದು ನಪಾಸಾದವರ ಮನೆಗಳಿಗೆ ಹೊರಡುತ್ತಿದ್ದರು. ನಮ್ಮಣ್ಣ ಗಣಿತದಲ್ಲಿ ಹೋಗಿದ್ದ, ಹಾಗಾಗಿ ನಮ್ಮ ಜಗಲಿಗೂ ಬಂದರು. ಕಾಫಿ ಕೇಳಿದರು. ಅಡಿಕೆ ರೇಟು, ಮಳೆ ಯಾವಾಗ ಹಿಡಿದೀತು, ಎಲ್ಲ ಮಾತಾಡಿದರು. ಆಮೇಲೆ ಅಣ್ಣನನ್ನು ಕರೆದು ಪಕ್ಕದಲ್ಲೇ ಕೂರಿಸಿಕೊಂಡು ಹೇಳಿದರು. ಅಪ್ಪನ ಮುಖ ಕೆಂಪಾಯಿತು. "ಬೈಯುವುದಿದ್ದರೆ ನಾನಿರುವಾಗಲೇ ಬೈದು ಮುಗಿಸಿ ಭಟ್ರೇ, ನಾನು ಹೋದ ಮೇಲೆ ಬೇಡ" ಅಂದರು. ಅಪ್ಪ ಬೈಯಲಿಲ್ಲ. ಮೇಷ್ಟ್ರು ಚೀಲದಿಂದ ಮರುಪರೀಕ್ಷೆಯ ಅರ್ಜಿ ತೆಗೆದು, ಅಪ್ಪನ ಸಹಿ ಹಾಕಿಸಿಕೊಂಡು, ಶನಿವಾರದಿಂದ ಗಣಿತಕ್ಕೆ ತಮ್ಮ ಮನೆಗೆ ಬರಬೇಕೆಂದು ಅಣ್ಣನಿಗೆ ಹೇಳಿ ಎದ್ದರು. ತೋಟದಾಚೆ ಇನ್ನೂ ಒಂದು ಮನೆಗೆ ಹೋಗುವುದಿತ್ತು ಅವರಿಗೆ.

ಮನೋವೈದ್ಯಶಾಸ್ತ್ರದಲ್ಲಿ ನಾನು ಆಮೇಲೆ ಕಲಿತದ್ದರಲ್ಲಿ ಬಹಳಷ್ಟನ್ನು ಅವರು ಅಂದೇ ಮಾಡಿ ತೋರಿಸಿದ್ದರು. ಸುದ್ದಿ ಬಂದಾಗ ಮಗು ಒಂಟಿಯಾಗಿರಲಿಲ್ಲ. ಮುಂದಿನ ದಾರಿ ಅದರ ಕೈಯಲ್ಲೇ ಇತ್ತು.

ಈಗ ಫಲಿತಾಂಶ ಎಲ್ಲರ ಮೊಬೈಲಿಗೆ ಒಂದೇ ಗಳಿಗೆಗೆ ಬರುತ್ತದೆ. ಮಗು ಬಾಗಿಲು ಹಾಕಿಕೊಂಡು ನೋಡಿಕೊಳ್ಳುತ್ತದೆ. ನಮ್ಮ ರಾಜ್ಯದಲ್ಲಿ 2024ರಿಂದ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಒಳ್ಳೆಯ ಕೆಲಸ, ಮನಸಾರೆ ಸ್ವಾಗತಿಸುತ್ತೇನೆ. ಆದರೆ ಅಂದೇ, ಆ ಗಳಿಗೆಯಲ್ಲೇ, ಪಕ್ಕದಲ್ಲಿ ಕೂತು ಅದನ್ನು ಹೇಳುವವರು ಬೇಕಲ್ಲ? ಆ ಹೊತ್ತಿಗೆ ಮೇಷ್ಟ್ರುಗಳು ಎಲ್ಲಿರುತ್ತಾರೆ? ಫ್ಲೆಕ್ಸ್ ಮಾಡಿಸಲು ಟಾಪರ್‌ಗಳ ಫೋಟೋ ಒಟ್ಟುಮಾಡುತ್ತಿರುತ್ತಾರೆ. ಆ ಫ್ಲೆಕ್ಸುಗಳನ್ನು ಕಂಡರೆ ನನಗೆ ಆಗುವುದಿಲ್ಲ. ಸರ್ಕಲ್ಲಿನಲ್ಲಿ ಆಳೆತ್ತರದ ಮುಖಗಳು. ಅದರಡಿಯಲ್ಲೇ ಬಸ್ಸು ಕಾಯುವ ಉಳಿದ ಮಕ್ಕಳು. ನಿಮ್ಮ ಶಾಲೆಯಲ್ಲಿ ಇದನ್ನು ನಿಲ್ಲಿಸಿದರೆ ನನಗೆ ಬರೆದು ತಿಳಿಸಿ, ಬಂದು ನೋಡಿ ಹೋಗುತ್ತೇನೆ.

ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಹದಿನೇಳರ ಹುಡುಗಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಹದಿನೈದು ಮಾರ್ಗಸೂಚಿ ಕೊಟ್ಟಿದೆ. ಅಂಕದ ಮೇಲೆ ಬ್ಯಾಚ್ ಮಾಡಬಾರದು, ಎಲ್ಲರೆದುರು ಅವಮಾನ ಮಾಡಬಾರದು, ನೂರು ಅಥವಾ ಹೆಚ್ಚು ಮಕ್ಕಳಿರುವಲ್ಲಿ ಅರ್ಹ ಆಪ್ತಸಮಾಲೋಚಕರು ಇರಬೇಕು. ಕೆಲಸಕ್ಕೆ ಸೇರುವ ದಿನವೇ ಅದರ ಪ್ರತಿ ಒಯ್ಯಿರಿ. ಸೆಕ್ಷನ್ ಪಟ್ಟಿ ಹೇಗೆ ಮಾಡಿದ್ದೀರಿ ಎಂದು ವಿನಯದಿಂದ ಕೇಳಿ.

ನಿಮ್ಮ ಮೇಲೆ ನನಗೆ ಸಿಟ್ಟೂ ಇದೆ. ಬೋಧನಾಭ್ಯಾಸಕ್ಕೆ ಬಂದ ನಿಮ್ಮಂಥವರನ್ನು ಶಾಲೆಗಳಲ್ಲಿ ನೋಡಿದ್ದೇನೆ. ಪಾಠಯೋಜನೆಗೆ ಬಣ್ಣದ ಪೆನ್ನಿನಲ್ಲಿ ಗೆರೆ ಹಾಕಲು ರಾತ್ರಿಯೆಲ್ಲ ಕೂರುತ್ತೀರಿ, ಮಕ್ಕಳ ಹೆಸರು ಕಲಿಯಲು ಪುರುಸೊತ್ತಿಲ್ಲ. ಊಟದ ಬಿಡುವಿನಲ್ಲಿ ಮೊಬೈಲ್ ಹಿಡಿದು ಸ್ಟಾಫ್ ರೂಮು ಸೇರುತ್ತೀರಿ. ಯಾವ ಮಗು ಒಂಟಿಯಾಗಿ ಕೂತು ಉಣ್ಣುತ್ತದೆ, ಯಾವುದು ಡಬ್ಬಿಯನ್ನೇ ತೆರೆಯುವುದಿಲ್ಲ ಎಂಬುದು ಆ ಬಿಡುವಿನಲ್ಲೇ ಕಾಣುವುದು. ಹೊರಗೆ ಬನ್ನಿ.

ಈಗ ಆ ಮೊಬೈಲ್ ತೆಗೆದು ಒಂದು ನಂಬರ್ ಸೇವ್ ಮಾಡಿಕೊಳ್ಳಿ: 14416. ಸರ್ಕಾರದ ಟೆಲಿ ಮನಸ್ ಸಹಾಯವಾಣಿ. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಿಗಷ್ಟೇ ಅಲ್ಲ, ನಿಮಗೂ ಬೇಕಾದೀತು. ತಡಮಾಡುವಂತಿಲ್ಲ ಅನ್ನಿಸಿದರೆ ಹತ್ತಿರದ ಆಸ್ಪತ್ರೆಗೇ ಹೋಗಿ. ನಮ್ಮ ಜಿಲ್ಲೆಯವರಾದರೆ ನಮ್ಮ ವಿಭಾಗಕ್ಕೆ ಬನ್ನಿ. ಮಗುವನ್ನು ಕರೆತಂದ ಮೇಷ್ಟ್ರು ಚೀಟಿಗೆ ಸಾಲಿನಲ್ಲಿ ನಿಲ್ಲಬೇಕಿಲ್ಲ. ಸಿಸ್ಟರ್‌ಗೆ ಹೇಳಿಟ್ಟಿದ್ದೇನೆ, ನೇರ ಒಳಗೆ ಬಿಡುತ್ತಾರೆ.