ಭಾನುವಾರದ ನೋಟ್‌ಬುಕ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಿರೂಪಕರು ನನ್ನನ್ನು ಸಾಧಕ ಎಂದರು. ಎಸ್ಸೆಸ್ಸೆಲ್ಸಿಯಲ್ಲಿ ನಾನು ಎರಡನೇ ದರ್ಜೆ. ಆಮೇಲೆ ಐಟಿಐ ಫಿಟ್ಟರ್. ಇಂದು ಬೆಂಗಳೂರಿನ ಒಂದು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಮೇಲ್ವಿಚಾರಕ. ಈ ನಡುವಿನ ದಾರಿಯನ್ನು ನಾನೊಬ್ಬನೇ ಹುಡುಕಲಿಲ್ಲ. ಅದನ್ನು ಹೇಳಲೆಂದೇ ನಿಂತಿದ್ದೇನೆ.

2011ರಲ್ಲಿ ನಾನು ಮತ್ತು ನನ್ನ ತರಗತಿಯ ಗೆಳೆಯನೊಬ್ಬ ಪೀಣ್ಯದ ಒಂದು ಕಾರ್ಖಾನೆಗೆ ಆಪರೇಟರ್‌ಗಳಾಗಿ ಸೇರಿದೆವು. ನಾಲ್ಕು ವರ್ಷ ದಾಟಿದರೂ ಇದ್ದಲ್ಲೇ ಇದ್ದೆವು. ನಮ್ಮ ನಂತರ ಬಂದವನನ್ನು ಸೆಟ್ಟರ್ ಮಾಡಿದರು. ಗೆಳೆಯ ಅದೇ ವಾರ ಸಿಟ್ಟಿನಲ್ಲಿ ಕೆಲಸ ಬಿಟ್ಟ. ನಾನೂ ರಾಜೀನಾಮೆ ಬರೆದೆ.

ನಮ್ಮ ವಠಾರದಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಪತ್ರ ತಿದ್ದಿಸಲು ಅವರ ಬಳಿ ಹೋದೆ. ಓದಿ ಹೇಳಿದರು: "ಬಿಡೋ ಕಾರಣ ಬರೆದಿದ್ದೀಯ. ಎಲ್ಲಿಗೆ ಹೋಗ್ತೀಯ ಅಂತ ನಿನಗಾದರೂ ಗೊತ್ತೇನಪ್ಪಾ?" ನನ್ನಲ್ಲಿ ಉತ್ತರವಿರಲಿಲ್ಲ. ಒಂದು ನೋಟ್‌ಬುಕ್ ತರಲು ಹೇಳಿದರು.

ಮೊದಲ ಭಾಗದಲ್ಲಿ ನಾನು ಮಾಡುವ ಕೆಲಸ ಬರೆಯಬೇಕಿತ್ತು. 'ಆಪರೇಟರ್' ಎಂದು ಬರೆದೆ, ಹೊಡೆದು ಹಾಕಿದರು. "ಅದು ಹುದ್ದೆ. ದಿನವಿಡೀ ನಿನ್ನ ಕೈ ಏನು ಮಾಡುತ್ತೆ, ಅದನ್ನ ಬರಿ." ಒಂದು ವಾರ ಬರೆದ ಮೇಲೆ ನನಗೇ ಆಶ್ಚರ್ಯವಾಯಿತು. ಡ್ರಾಯಿಂಗ್ ಓದುತ್ತಿದ್ದೆ, ಮೈಕ್ರೋಮೀಟರ್ ಹಿಡಿದು ಮಿಲಿಮೀಟರಿನ ನೂರನೇ ಒಂದು ಭಾಗದವರೆಗೆ ಅಳೆಯುತ್ತಿದ್ದೆ, ಮಾಲು ಏಕೆ ರಿಜೆಕ್ಟ್ ಆಯಿತೆಂದು ಪತ್ತೆ ಮಾಡುತ್ತಿದ್ದೆ.

ಎರಡನೇ ಭಾಗಕ್ಕೆ ಗುಣಮಟ್ಟ ವಿಭಾಗದ ಹತ್ತು ಉದ್ಯೋಗ ಜಾಹೀರಾತು ಕತ್ತರಿಸಿ ಅಂಟಿಸಿದೆ. ಆ ಕೆಲಸದಲ್ಲಿದ್ದ ಇಬ್ಬರನ್ನು ಮಾತಾಡಿಸಿದೆ. ಮತ್ತೆ ಮತ್ತೆ ಬರುವ ಬೇಡಿಕೆಗಳಿಗೆ ಗೆರೆ ಎಳೆದೆ. ನನ್ನಲ್ಲಿ ಇಲ್ಲದವು ಮೂರೇ: ಡಿಪ್ಲೊಮಾ, ಕಂಪ್ಯೂಟರಿನಲ್ಲಿ ವರದಿ ಮಾಡುವುದು, ನಾಲ್ಕು ಜನರೆದುರು ಮಾತಾಡುವುದು.

ಮೂರನೇ ಭಾಗದಲ್ಲಿ ಆ ಮೂರಕ್ಕೂ ತಾರೀಕು ಹಾಕಿದೆವು. ತಿಂಗಳ ಮೊದಲ ಭಾನುವಾರ ನೋಟ್‌ಬುಕ್ ತೋರಿಸಬೇಕು. ಏನೂ ಬರೆಯದೆ ಹೋದ ದಿನ "ಕಾಫಿ ಕುಡಿದು ಹೋಗು" ಎನ್ನುತ್ತಿದ್ದರು. ಬೈದಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಹಣದ ಲೆಕ್ಕವನ್ನೂ ಅವರೇ ಬಿಡಿಸಿ ಹೇಳಿದರು. ಗ್ರಾಚುಯಿಟಿಗೆ ಐದು ವರ್ಷದ ಸೇವೆ ಬೇಕಿತ್ತು. ನನಗೆ ಹತ್ತು ತಿಂಗಳು ಬಾಕಿ ಇತ್ತು. ವರ್ಷಕ್ಕೆ 15 ದಿನದ ವೇತನದಂತೆ ಬರುವ ಹಣವನ್ನು ಸಿಟ್ಟಿಗಾಗಿ ಬಿಡಬೇಡ ಎಂದರು. ಕೆಲಸ ಬದಲಿಸಿದಾಗ ಪಿಎಫ್ ತೆಗೆಯಬೇಡ, ಅದೇ ಯುಎಎನ್ ಸಂಖ್ಯೆಯಲ್ಲಿ ಹೊಸ ಕಡೆಗೆ ವರ್ಗಾಯಿಸು, ಹತ್ತು ವರ್ಷ ಸೇವೆಯಾದರೆ ಮುಂದೆ ಪಿಂಚಣಿ ಇದೆ ಎಂದರು.

2016ರಲ್ಲಿ ಸಂದರ್ಶನಕ್ಕೆ ಹೋದೆ. ಹಳೆಯ ಮಾಲೀಕರನ್ನು ದೂರದೆ ಉತ್ತರಿಸುವುದನ್ನು ಹಿರಿಯರು ಮೂರು ಭಾನುವಾರ ಅಭ್ಯಾಸ ಮಾಡಿಸಿದ್ದರು. ಅಲ್ಲಿ ಕೈಗೆ ಒಂದು ಬಿಡಿಭಾಗ, ಡ್ರಾಯಿಂಗ್, ಮೈಕ್ರೋಮೀಟರ್ ಕೊಟ್ಟರು. ಅಳೆದು, ಎಲ್ಲಿ ತಪ್ಪಿದೆ ಎಂದು ತೋರಿಸಿದೆ. ಇನ್ಸ್‌ಪೆಕ್ಟರ್ ಕೆಲಸ ಸಿಕ್ಕಿತು. ಸಂಬಳ ಹೆಚ್ಚಾದದ್ದು ಅಷ್ಟಕ್ಕಷ್ಟೇ. "ಇಷ್ಟಕ್ಕೇನಾ ಅದನ್ನ ಬಿಟ್ಟೆ?" ಎಂದು ಅವ್ವ ಕೇಳಿದ್ದಳು. ಸಂಜೆ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿದ ಮೇಲೆ ಮೇಲ್ವಿಚಾರಕನಾದೆ.

ನನ್ನ ಗೆಳೆಯ? ಆ ಮೇಲೆ ನಾಲ್ಕು ಕಡೆ ಗುತ್ತಿಗೆ ಕೆಲಸ ಮಾಡಿದ. ಪ್ರತಿ ಸಲವೂ ಪಿಎಫ್ ತೆಗೆದ, ಪ್ರತಿ ಸಲವೂ ಮೊದಲಿನಿಂದ ಶುರು. ಕೈಕೆಲಸದಲ್ಲಿ ಅವನು ನನಗಿಂತ ಮೇಲು, ಇದು ನಮ್ಮ ಗುರುಗಳಿಗೂ ಗೊತ್ತು. ಆ ಭಾನುವಾರದ ಕಾಫಿಗೆ ಅವನನ್ನೂ ಕರೆದುಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ನನ್ನನ್ನು ದಾಟಿ ಹೋದಾನೆಂಬ ಹೊಟ್ಟೆಕಿಚ್ಚು. ಅವನಿಗೆ ಈಚೆಗೆ ಹೇಳಿಕೊಂಡೆ. ಇಂದು ನಿಮ್ಮೆದುರೂ ಹೇಳುತ್ತಿದ್ದೇನೆ.

ಹಾಗಾಗಿ ಒಂದು ಕೋರಿಕೆ. ಮುಖ್ಯೋಪಾಧ್ಯಾಯರು ಒಂದು ಕೊಠಡಿ ಕೊಡಲು ಒಪ್ಪಿದ್ದಾರೆ. ಇನ್ನು ಮುಂದೆ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಇಲ್ಲಿರುತ್ತೇನೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು ಎಂಬುದು ನಮ್ಮೂರಿನ ಎಷ್ಟು ಮಕ್ಕಳಿಗೆ ಗೊತ್ತು? ಕೆಲಸ ಕೊಡಿಸುತ್ತೇನೆಂದು ಹಣ ಕೇಳುವವರ ಬಳಿ ಹೋಗುವ ಮೊದಲು ಇಲ್ಲಿಗೆ ಬನ್ನಿ. ನನಗೆ ಗೊತ್ತಿರುವುದು ಕಾರ್ಖಾನೆ ಮಾತ್ರ. ನಿಮ್ಮಲ್ಲಿ ನರ್ಸ್‌ಗಳಿದ್ದೀರಿ, ಚಾಲಕರಿದ್ದೀರಿ, ಬ್ಯಾಂಕಿನವರಿದ್ದೀರಿ. ವರ್ಷಕ್ಕೊಂದು ಭಾನುವಾರ ಕೊಡಿ. ನನ್ನ ಗೆಳೆಯ ಬರುತ್ತೇನೆ ಎಂದಿದ್ದಾನೆ. ಮೊದಲ ನೋಟ್‌ಬುಕ್ ಅವನದೇ.

ಮಕ್ಕಳೇ, ಬರುವಾಗ ಖಾಲಿ ನೋಟ್‌ಬುಕ್ ತನ್ನಿ. ಕಾಫಿ ನನ್ನ ಲೆಕ್ಕ.